ಹೊಂದಿಕೊಂಡು ಕೆಟ್ಟವರು

ನಮಸ್ಕಾರ. ಇಂದು ಒಂದು ಜೀರುಂಡೆಯಿಂದ ಶುರು ಮಾಡುತ್ತೇನೆ.

ಪಶ್ಚಿಮ ಆಸ್ಟ್ರೇಲಿಯಾದ ರಸ್ತೆಬದಿ. ಯಾರೋ ಕುಡಿದು ಎಸೆದ ಕಂದು ಬಣ್ಣದ ಬಿಯರ್ ಬಾಟಲಿ. ಅದರ ಮೇಲೊಂದು ಗಂಡು ಜೀರುಂಡೆ ಹತ್ತಿ, ಬಾಟಲಿಯೊಡನೆ ಕೂಡಲು ಹೆಣಗುತ್ತಿದೆ. ಕಂದು ಬಣ್ಣ, ಹೊಳಪು, ಗಾಜಿನ ತಳದ ಬಳಿಯ ಸಾಲುಸಾಲು ಉಬ್ಬುಗಳು: ಅದರ ಕಣ್ಣಿಗೆ ಇದು ಹೆಣ್ಣು, ಅದೂ ಹಿಂದೆಂದೂ ಕಾಣದಷ್ಟು ಭರ್ಜರಿ ಹೆಣ್ಣು. ಇರುವೆಗಳು ಬಂದು ಕಚ್ಚಿದರೂ ಇಳಿಯುವುದಿಲ್ಲ. ಗ್ವಿನ್ ಮತ್ತು ರೆಂಟ್ಜ್ ಎಂಬ ಇಬ್ಬರು ಕೀಟತಜ್ಞರು 1983ರಲ್ಲಿ ಇದನ್ನು ಬರೆದು ಪ್ರಕಟಿಸಿದರು. 2011ರಲ್ಲಿ ಅವರಿಗೆ ಇಗ್ ನೊಬೆಲ್ ಬಂತು, ಅಂದರೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ. ಜಗತ್ತು ನಕ್ಕಿತು.

ನನಗೆ ನಗು ಬರಲಿಲ್ಲ. ಅಲ್ಲೇ ಬಿದ್ದಿದ್ದ, ಬೇರೆ ಛಾಯೆಯ ಕಂದು ವೈನ್ ಬಾಟಲಿಯನ್ನು ಗಂಡುಗಳು ಮೂಸಿಯೂ ನೋಡಲಿಲ್ಲವಂತೆ. ಅಷ್ಟು ನಿಖರವಾದ ಕಣ್ಣು! ಇದನ್ನು ದಡ್ಡತನ ಎನ್ನಲಾದೀತೇ?

ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿದೆ: ಮ್ಯಾಲಡಾಪ್ಟೇಶನ್. ನಾವು ಅವಸರದಲ್ಲಿ ಅದನ್ನು ‘ಹೊಂದಿಕೊಳ್ಳಲು ಬಾರದಿರುವುದು’ ಎಂದುಕೊಳ್ಳುತ್ತೇವೆ. ನನ್ನ ತಕರಾರು ಇಲ್ಲೇ. ಪದವನ್ನು ಬಿಚ್ಚಿ ನೋಡಿ. ಲ್ಯಾಟಿನ್‌ನಲ್ಲಿ ‘ಆಪ್ಟಸ್’ ಎಂದರೆ ಸರಿಯಾಗಿ ಕೂಡುವಂಥದ್ದು, ಒಪ್ಪುವಂಥದ್ದು. ಅದರಿಂದ ‘ಅಡಾಪ್ಟಾರೆ’, ಹೊಂದಿಸುವುದು. ಇಂಗ್ಲಿಷಿನ ಆಪ್ಟ್, ಆಪ್ಟಿಟ್ಯೂಡ್ ಅದೇ ಬೇರಿನವು. ಇಟಲಿಯನ್ನು ಸುತ್ತಿಕೊಂಡು ಬಂದ ಆಟಿಟ್ಯೂಡ್ ಕೂಡ ಅದೇ ಮನೆಯ ಕೂಸು, ಈಗ ಗುರುತು ಸಿಗುವುದಿಲ್ಲ ಅಷ್ಟೇ. ಮುಂದೆ ನಿಂತ ‘ಮ್ಯಾಲ್’ ಲ್ಯಾಟಿನ್‌ನ ‘ಮಾಲೆ’ಯಿಂದ, ಫ್ರೆಂಚ್ ದಾಟಿ ಬಂದದ್ದು. ಅರ್ಥ ‘ಕೆಟ್ಟದಾಗಿ’. ‘ಕೆಟ್ಟ ಗಾಳಿ’ ಎಂಬ ಇಟಾಲಿಯನ್ ಮಾತಿನಿಂದ ಹುಟ್ಟಿದ ಮಲೇರಿಯಾದಲ್ಲಿರುವುದೂ ಇದರ ನಂಟೇ.

ಗಮನಿಸಿ, ‘ಕೆಟ್ಟದಾಗಿ’ ಎಂದರೆ ‘ಇಲ್ಲ’ ಎಂದಲ್ಲ. ಇಲ್ಲ ಎನ್ನಲು ಲ್ಯಾಟಿನ್‌ಗೆ ‘ಇನ್’ ಇತ್ತು. ‘ಆಪ್ಟಸ್’ಗೆ ಅದು ಅಂಟಿ ‘ಇನೆಪ್ಟ್’ ಆಯಿತು, ಅಂದರೆ ಕೈಲಾಗದವನು. ಜೀರುಂಡೆ ಇನೆಪ್ಟ್ ಅಲ್ಲ. ಅದು ಬಹಳ ಚೆನ್ನಾಗಿಯೇ ಹೊಂದಿಕೊಂಡಿತ್ತು, ಬಾಟಲಿಗಳಿಲ್ಲದ ಜಗತ್ತಿಗೆ.

ಹವಾಮಾನ ತಜ್ಞರು ಮ್ಯಾಲಡಾಪ್ಟೇಶನ್ ಪದವನ್ನು ಸರಿಯಾಗಿ ಹಿಡಿದಿದ್ದಾರೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿಯಾದ ಐಪಿಸಿಸಿಯ 2022ರ ವರದಿ ಕಡಲ ತಡೆಗೋಡೆಗಳ ಉದಾಹರಣೆ ಕೊಡುತ್ತದೆ. ಗೋಡೆ ಸದ್ಯಕ್ಕೆ ಅಲೆಯನ್ನು ತಡೆಯುತ್ತದೆ. ಆ ಧೈರ್ಯದಲ್ಲಿ ಅದರ ಹಿಂದೆ ಇನ್ನಷ್ಟು ಕಟ್ಟಡಗಳು ಏಳುತ್ತವೆ, ಮುಂದೊಂದು ದಿನ ಅಪಾಯಕ್ಕೆ ಸಿಗುವವರ ಸಂಖ್ಯೆ ಬೆಳೆಯುತ್ತದೆ. ಯಾರೂ ಕೈಕಟ್ಟಿ ಕುಳಿತಿರಲಿಲ್ಲ, ಕೆಲಸ ಮಾಡಿಯೇ ಕೆಟ್ಟರು.

ಮನಶ್ಶಾಸ್ತ್ರದಲ್ಲಿ ಮಾತ್ರ ಈ ಪದದ ಸೋದರಿ ‘ಮ್ಯಾಲಡ್ಜಸ್ಟೆಡ್’ ಬೈಗುಳವಾಗಿಬಿಟ್ಟಿತು. ಸಮಾಜಕ್ಕೆ ಹೊಂದದವನು, ಹಾಗಾಗಿ ಅವನಲ್ಲೇ ದೋಷ! 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಮಾವೇಶದಲ್ಲಿ ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್ ಆ ಪದವನ್ನು ಅವರ ಮುಂದೆಯೇ ತಿರುಗಿಸಿಟ್ಟರು. ವರ್ಣಭೇದಕ್ಕೆ ನಾವು ಎಂದಿಗೂ ಹೊಂದಿಕೊಳ್ಳಬಾರದು, ಇಂಥ ಹೊಂದದವರಿಗಾಗಿ ಒಂದು ಅಂತರರಾಷ್ಟ್ರೀಯ ಸಂಘವೇ ಬೇಕಾಗಬಹುದು ಎಂದರು. ಆ ಸಂಘಕ್ಕೆ ಇಟ್ಟ ಹೆಸರಿನಲ್ಲೂ ‘ಮ್ಯಾಲ್’ ಅನ್ನು ಬಿಡಲಿಲ್ಲ. ಅದರ ಮುಂದೆ ‘ಸೃಜನಶೀಲ’ ಎಂದು ಸೇರಿಸಿದರು, ಅಷ್ಟೇ.