ಪಿಸ್ಟ್ ದಾಟುವ ಮೊದಲ ವರ್ಷ ಎಲ್ಲಿಗೆ ಹೋಗಬೇಕು?

ಎಲ್ಲರಿಗೂ ನಮಸ್ಕಾರ.

ಇಲ್ಲಿರುವವರಲ್ಲಿ ಹೆಚ್ಚಿನವರು ಕೆಲಸಕ್ಕೆಂದು ಯುರೋಪಿಗೆ ಬಂದು, ದೊಡ್ಡವರಾದ ಮೇಲೆ ಸ್ಕೀಯಿಂಗ್ ಕಲಿತವರು. ಪಿಸ್ಟ್, ಅಂದರೆ ಗುರುತು ಹಾಕಿ ಹಿಮ ಸಮ ಮಾಡಿಟ್ಟ ದಾರಿಗಳಲ್ಲಿ, ಸುಲಭದ ನೀಲಿ ಮುಗಿಸಿ ಅದಕ್ಕಿಂತ ಕಡಿದಾದ ಕೆಂಪಿಗೆ ಬಂದಿದ್ದೀರಿ. ಈಗ ಪಿಸ್ಟಿನ ಅಂಚಿನ ಕಂಬದ ಆಚೆ ಯಾರೂ ತುಳಿಯದ ಹಿಮ ಕಣ್ಣಿಗೆ ಬೀಳುತ್ತಿದೆ. ಆಫ್-ಪಿಸ್ಟ್, ಅಂದರೆ ಪಿಸ್ಟ್ ಬಿಟ್ಟು ಹೊರಗೆ ಇಳಿಯುವುದನ್ನು ಶುರು ಮಾಡಲು ಯಾವ ರೆಸಾರ್ಟ್ ಒಳ್ಳೆಯದು ಅಂತ ಗೆಳೆಯರನ್ನು ಕೇಳಿದರೆ ಒಬ್ಬರು ಫ್ರಾನ್ಸಿನ ಶಾಮೊನಿ ಅಂತಾರೆ, ಇನ್ನೊಬ್ಬರು ಸ್ವಿಟ್ಜರ್ಲೆಂಡಿನ ವೆರ್ಬಿಯೆ, ಮತ್ತೊಬ್ಬರು ಫ್ರಾನ್ಸಿನದೇ ಲಾ ಗ್ರಾವ್. ಮೂರೂ ದೊಡ್ಡ ಹೆಸರುಗಳೇ. ಮೊದಲ ವರ್ಷಕ್ಕೆ ಮೂರೂ ಬೇಡ ಅಂತ ಹೇಳೋಕೇ ನಾನು ಬಂದಿರುವುದು.

ಲಾ ಗ್ರಾವ್ ವಿಷಯ ಬೇಗ ಮುಗಿಯುತ್ತದೆ. ಒಂದು ಕೇಬಲ್ ಕಾರ್ ನಿಮ್ಮನ್ನು 3200 ಮೀಟರ್‌ಗೆ ಒಯ್ದು ಬಿಡುತ್ತದೆ. ಅಲ್ಲಿಂದ ಕೆಳಗೆ ಹೆಚ್ಚು ಕಡಿಮೆ ಪಿಸ್ಟೇ ಇಲ್ಲ. ಸುಸ್ತಾಯಿತು, ಹೆದರಿಕೆಯಾಯಿತು ಅಂದರೆ ಸುಲಭದ ದಾರಿಗೆ ಮರಳಲು ಜಾಗವೇ ಇಲ್ಲ.

ಶಾಮೊನಿಯ ವಾಲೆ ಬ್ಲಾಂಶ್ ವಿಷಯ ಸ್ವಲ್ಪ ಬೇರೆ. ಎಗ್ವಿ ದ್ಯು ಮಿದಿ ಶಿಖರದ 3842 ಮೀಟರ್‌ನಿಂದ ಶುರುವಾಗುವ ಈ ದಾರಿ ಸುಮಾರು 20 ಕಿಲೋಮೀಟರ್ ಉದ್ದ. ಮಾಮೂಲಿ ದಾರಿಯಲ್ಲಿ ಇಳಿಜಾರು ಅಷ್ಟೇನೂ ಕಡಿದಲ್ಲ. ಆದರೆ ಕಾಲ ಕೆಳಗಿರುವುದು ಹಿಮನದಿ, ಅದರ ಬಿರುಕುಗಳ ಮೇಲೆ ತೆಳ್ಳಗೆ ಹಿಮ ಮುಚ್ಚಿರುತ್ತದೆ. ಗೈಡ್ ಜೊತೆ ಒಮ್ಮೆ ಹೋಗಿ ಬನ್ನಿ, ಚೆನ್ನಾಗಿರುತ್ತದೆ. ಅದು ಪ್ರವಾಸ. ಕಲಿಯುವುದಕ್ಕೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಇಳಿಯಬೇಕು, ಬೀಳಬೇಕು, ಲಿಫ್ಟ್ ಹತ್ತಿ ಮತ್ತೆ ಬರಬೇಕು.

ವೆರ್ಬಿಯೆಯಲ್ಲಿ ಹಳದಿ ದಾರಿಗಳಿವೆ. ಗುರುತು ಹಾಕಿರುತ್ತಾರೆ, ಹಿಮಕುಸಿತದ ಅಪಾಯ ನೋಡಿಕೊಂಡೇ ತೆರೆಯುತ್ತಾರೆ, ಆದರೆ ಯಂತ್ರ ಓಡಿಸಿ ಸಮ ಮಾಡುವುದಿಲ್ಲ. ಹೊಸಬರಿಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ? ಅಲ್ಲಿನ ಟೊರ್ಟಿನ್ ದಾರಿಯ ತಲೆಯ ಮೇಲೆ ಒಮ್ಮೆ ನಿಂತು ನೋಡಿ. ಕಡಿದಾದ ಇಳಿಜಾರು, ಅದರ ತುಂಬಾ ಹಿಮದ ದಿಬ್ಬಗಳು. ಕುಸಿತದ ಅಪಾಯ ಕಡಿಮೆ ಅಂದ ಮಾತ್ರಕ್ಕೆ ಇಳಿಯುವುದು ಸುಲಭ ಅಂತ ಅಲ್ಲ. ಇವೆರಡನ್ನೂ ಬೇರೆ ಬೇರೆಯಾಗಿಯೇ ಅಳೆಯಬೇಕು.

ಅಳೆಯುವುದು ಹೇಗೆ? ಇವತ್ತಿನ ಮುಖ್ಯ ವಿಷಯ ಇದು. ಗಟ್ಟಿ ಪದರವಾಗಿ ಜಾರುವ, ಜೀವ ತೆಗೆಯುವ ಹಿಮಕುಸಿತಗಳು ಸಾಮಾನ್ಯವಾಗಿ 30 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲೇ ಶುರುವಾಗುತ್ತವೆ. ಈಗ ಪಿಸ್ಟ್ ಲೆಕ್ಕ ನೋಡಿ. ಜರ್ಮನಿ, ಆಸ್ಟ್ರಿಯಾ ಕಡೆಯ ನಿಯಮದಲ್ಲಿ ಕೆಂಪು ಪಿಸ್ಟ್, ಕೆಲವು ಚಿಕ್ಕ ತುಂಡುಗಳನ್ನು ಬಿಟ್ಟರೆ, 40 ಶೇಕಡಾ ಇಳಿಜಾರು ದಾಟಬಾರದು. ಡಿಗ್ರಿಯಲ್ಲಿ ಹೇಳಿದರೆ ಅದು ಸುಮಾರು 22. ಅಂದರೆ ನೀವು ಈಗ ಆರಾಮಾಗಿ ಇಳಿಯುವ ಕೆಂಪು ಪಿಸ್ಟಿನಷ್ಟೇ ಇಳಿಜಾರಿರುವ ಜಾಗದಲ್ಲಿ ಪೌಡರ್, ಅಂದರೆ ತುಳಿಯದ ಪುಡಿ ಹಿಮದಲ್ಲಿ ಇಳಿಯುವುದನ್ನು ಕಲಿತರೆ, ಆ 30 ಡಿಗ್ರಿಯ ಹತ್ತಿರಕ್ಕೂ ಹೋಗಬೇಕಾಗಿಲ್ಲ. ಒಂದೇ ಷರತ್ತು: ನಿಮ್ಮ ತಲೆಯ ಮೇಲೂ ಕಡಿದಾದ ಇಳಿಜಾರು ಇರಬಾರದು. ಮೇಲೆಲ್ಲೋ ಕುಸಿದದ್ದು ಕೆಳಗೆ ಸಮತಟ್ಟಿನಲ್ಲಿ ನಿಂತವರನ್ನೂ ಮುಚ್ಚಿಬಿಡುತ್ತದೆ. ಸ್ವಿಟ್ಜರ್ಲೆಂಡಿನ ಸರಕಾರಿ ಸ್ವಿಸ್‌ಟೋಪೋ ನಕ್ಷೆಯಲ್ಲಿ 30 ಡಿಗ್ರಿ ದಾಟಿದ ಜಾಗಗಳಿಗೆ ಬಣ್ಣ ಹಾಕಿ ತೋರಿಸುತ್ತಾರೆ, ಪುಕ್ಕಟೆಯಾಗಿ. ಫ್ರಾನ್ಸಿಗೂ ಅಂಥದ್ದೇ ನಕ್ಷೆ ಇದೆ. ರೆಸಾರ್ಟಿನ ಚಂದದ ಕರಪತ್ರ ಪಕ್ಕಕ್ಕಿಟ್ಟು ಮೊದಲು ಇದನ್ನು ತೆಗೆದು ನೋಡಿ. ಪಿಸ್ಟ್‌ಗಳ ನಡುವೆ ಬಣ್ಣವಿಲ್ಲದ ಅಗಲವಾದ ಜಾಗ, ಅದರ ಬುಡದಲ್ಲೇ ಲಿಫ್ಟ್. ಹೊಸಬರಿಗೆ ಬೇಕಾಗಿರುವುದು ಇಷ್ಟೇ.

ಈ ಕಣ್ಣಲ್ಲಿ ನೋಡಿದರೆ ನನ್ನ ಮೊದಲ ಆಯ್ಕೆ ಆಸ್ಟ್ರಿಯಾದ ಲೆಖ್ ಮತ್ತು ವಾರ್ಟ್. 2013ರಲ್ಲಿ ಲಿಫ್ಟ್ ಹಾಕಿ ಎರಡನ್ನೂ ಜೋಡಿಸಿದರು. ವಾರ್ಟ್ ಕಡೆ ಒಂದು ಚಳಿಗಾಲಕ್ಕೆ ಸರಾಸರಿ 10 ಮೀಟರ್ ಹಿಮ ಬೀಳುತ್ತದೆ. ಉತ್ತರಕ್ಕೆ ಮುಖ ಮಾಡಿದ ಇಳಿಜಾರುಗಳು ಜಾಸ್ತಿ, ಹಾಗಾಗಿ ಬಿದ್ದ ಹಿಮ ಬಿಸಿಲಿಗೆ ಬೇಗ ಕೆಡುವುದಿಲ್ಲ. ಗುರುತು ಹಾಕಿದ, ಸಮ ಮಾಡದ ದಾರಿಗಳೂ ಇವೆ. ಅವಕ್ಕೆ ಅಲ್ಲಿ ಸ್ಕೀ ರೂಟ್ ಅಂತಾರೆ. ಲೆಖ್ ದುಬಾರಿ ಊರು, ಅದನ್ನು ಮುಚ್ಚಿಡುವುದು ಬೇಡ. ವಾರ್ಟ್‌ನಲ್ಲಿ ಉಳಿದುಕೊಂಡರೆ ಜೇಬಿಗೆ ಸ್ವಲ್ಪ ಹಗುರ.

ಎರಡನೆಯದು ಫ್ರಾನ್ಸಿನ ತೀನ್ಯ. ಊರೇ 2100 ಮೀಟರ್ ಎತ್ತರದಲ್ಲಿದೆ. ಸಮ ಮಾಡದೆ ಹಾಗೇ ಬಿಟ್ಟ, ಆದರೆ ಸಿಬ್ಬಂದಿಯ ಕಣ್ಗಾವಲಿರುವ ಜಾಗಗಳನ್ನು ಅಲ್ಲಿ ಬೇರೆಯಾಗಿಯೇ ಗುರುತಿಸಿದ್ದಾರೆ. ಕೊರತೆ ಅಂದರೆ ಹೆಚ್ಚು ಕಡಿಮೆ ಮರಗಳೇ ಇಲ್ಲ. ಮೋಡ ಇಳಿದರೆ ನೆಲ ಯಾವುದು ಆಕಾಶ ಯಾವುದು ಗೊತ್ತಾಗುವುದಿಲ್ಲ, ನಿಂತಲ್ಲೇ ತಲೆ ಸುತ್ತುತ್ತದೆ. ಅದಕ್ಕೇ ಮೂರನೆಯ ಹೆಸರು ಹೇಳುತ್ತೇನೆ. ಫ್ರಾನ್ಸಿನಲ್ಲೇ ಬ್ರಿಯಾನ್ಸೋನ್ ಊರಿನ ಪಕ್ಕದ ಸೇರ್ ಶವಾಲಿಯೆ. ಅಲ್ಲಿರುವುದು ಲಾರ್ಚ್ ಕಾಡು. ಲಾರ್ಚ್ ಮರ ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ, ಮರಗಳ ನಡುವೆ ಜಾಗವೂ ಇರುತ್ತದೆ. ಹಿಮ ಸುರಿಯುತ್ತಿರುವ ದಿನವೂ ಮರದ ಆಸರೆಯಲ್ಲಿ ದಾರಿ ಕಾಣುತ್ತದೆ.

ಇನ್ನು ದಿನದ ಆಯ್ಕೆ. ಯುರೋಪಿನಲ್ಲಿ ಪಿಸ್ಟಿನ ಕಂಬ ದಾಟಿದ ಕೂಡಲೇ ಜವಾಬ್ದಾರಿ ನಿಮ್ಮದು. ಅಮೆರಿಕದಲ್ಲಿ ರೆಸಾರ್ಟಿನ ಗಡಿಯೊಳಗೆ ತೆರೆದಿಟ್ಟ ಜಾಗವನ್ನೆಲ್ಲ ಅವರೇ ನೋಡಿಕೊಳ್ಳುತ್ತಾರೆ, ಇಲ್ಲಿ ಹಾಗಲ್ಲ. ಲಿಫ್ಟ್ ಕೆಳಗೇ ಇದೆ, ನಾಲ್ಕು ಜನ ಆಗಲೇ ಇಳಿದಿದ್ದಾರೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಬೆಳಿಗ್ಗೆ ಹಿಮಕುಸಿತದ ಬುಲೆಟಿನ್ ನೋಡಿ. 1993ರಿಂದ ಯುರೋಪಿಗೆಲ್ಲ ಒಂದೇ ಅಳತೆ, 1ರಿಂದ 5. ಐದರಲ್ಲಿ ಮೂರು ಅಂದರೆ ನಡುಮಧ್ಯ, ಪರವಾಗಿಲ್ಲ ಅಂದುಕೊಳ್ಳುವವರು ಬಹಳ. ಹೆಚ್ಚು ಸಾವು ಆಗುವುದೇ 3ರ ದಿನಗಳಲ್ಲಿ. 4 ಅಂದಾಗ ಹೆದರಿ ಹೊರಗೆ ಹೋಗುವುದಿಲ್ಲ, 3 ಅಂದಾಗ ಹೋಗುತ್ತಾರೆ. ಹೊಸಬರಿಗೆ ನಾನು ಹೇಳುವುದು: 3 ಇದ್ದರೆ ಗುರುತು ಹಾಕಿದ, ತೆರೆದಿರುವ ದಾರಿ ಮಾತ್ರ.

ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಸಂಕೇತದಿಂದ ಹುಡುಕುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಹತ್ತಿರವೂ ಇರಬೇಕು. ಬಾಡಿಗೆಗೆ ಸಿಗುತ್ತವೆ. ಬಳಸುವುದನ್ನು ಮೊದಲೇ ಅಭ್ಯಾಸ ಮಾಡಿರಬೇಕು, ಏಕೆಂದರೆ ಹಿಮದಡಿ ಸಿಕ್ಕಿದವರಿಗೆ ಕಾಲು ಗಂಟೆಯ ನಂತರ ಬದುಕುವ ಅವಕಾಶ ಸರ್ರನೆ ಕುಸಿಯುತ್ತದೆ. ಹೆಲಿಕಾಪ್ಟರ್ ಬರುವವರೆಗೆ ಕಾಯಲು ಸಮಯವಿರುವುದಿಲ್ಲ. ಅಗೆಯಬೇಕಾದವರು ಪಕ್ಕದಲ್ಲಿರುವ ಗೆಳೆಯರೇ.

ಸ್ಕೀ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ನಡುಭಾಗ 95ರಿಂದ 105 ಮಿಲಿಮೀಟರ್ ಅಗಲ ಇರುವುದನ್ನು ಅಂಗಡಿಯಲ್ಲಿ ಕೇಳಿ, ಸಾಕು. ಉಳಿದ ದುಡ್ಡನ್ನು ಪಾಠಕ್ಕೆ ಹಾಕಿ. ವಾರದ ಮೊದಲ ಎರಡು ದಿನಕ್ಕೇ ಗೈಡ್ ಅಥವಾ ಆಫ್-ಪಿಸ್ಟ್ ಗುಂಪು ಪಾಠ ಗೊತ್ತು ಮಾಡಿ. ಕೊನೆಯ ದಿನಕ್ಕೆ ಇಟ್ಟುಕೊಳ್ಳುವವರೇ ಜಾಸ್ತಿ. ಆಗ ಕಲಿತದ್ದನ್ನು ಬಳಸಲು ದಿನವೇ ಉಳಿದಿರುವುದಿಲ್ಲ. ವಿಮೆ ಕೊಳ್ಳುವಾಗ ಅದರಲ್ಲಿ ಆಫ್-ಪಿಸ್ಟ್ ರಕ್ಷಣೆಯ ಖರ್ಚು ಸೇರಿದೆಯಾ ಅಂತ ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಗೈಡ್ ಜೊತೆಗಿದ್ದರೆ ಮಾತ್ರ ಅನ್ನುವ ಸಣ್ಣ ಅಕ್ಷರ ಇರುತ್ತದೆ.

ಈಗ ವಾರ್ಟ್ ಸುತ್ತಲಿನ ನಕ್ಷೆಯನ್ನು ಪರದೆಯ ಮೇಲೆ ಹಾಕುತ್ತೇನೆ. ಯಾವ ಲಿಫ್ಟ್‌ನಿಂದ ಶುರು ಮಾಡಬಹುದು ಅಂತ ನೀವೇ ಹುಡುಕಿ ಹೇಳಿ. ಪ್ರಶ್ನೆಗಳಿದ್ದರೆ ಅದರ ಜೊತೆಗೇ ಕೇಳಿ.