ಹಡಗಿನಿಂದ ಇಳಿದ ಮೇಲೆ: ಅಲಾಸ್ಕಾ ಕ್ರೂಸ್‌ಗೆ ಲ್ಯಾಂಡ್ ಟೂರ್ ಸೇರಿಸುವ ಮುನ್ನ

[ದೃಶ್ಯ: ಮೇಜಿನ ಮೇಲೆ ಹರಡಿದ ಪ್ರವಾಸದ ಕರಪತ್ರ. ಕ್ಯಾಮೆರಾ ನಿಧಾನವಾಗಿ ದಿನವಾರು ಪಟ್ಟಿಯ ಮೇಲೆ ಸರಿಯುತ್ತದೆ.]

ನಿರೂಪಣೆ:

ನಮಸ್ಕಾರ. ಹುಬ್ಬಳ್ಳಿಯ ವಿದ್ಯಾನಗರದಲ್ಲಾಗಲಿ ಧಾರವಾಡದ ಸಪ್ತಾಪುರದಲ್ಲಾಗಲಿ, ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಈಗ ಓಣಿಗೆ ನಾಲ್ಕಾದರೂ ಸಿಗುತ್ತವೆ. ಬೇಸಿಗೆಯಲ್ಲಿ ಅಪ್ಪ ಅಮ್ಮ ಅಲ್ಲಿಗೆ ಹೋದಾಗ ಮಕ್ಕಳು ಅಲಾಸ್ಕಾ ಕ್ರೂಸ್ ಬುಕ್ ಮಾಡುವುದೂ ರೂಢಿಗೆ ಬಂದಿದೆ. ಏಳು ರಾತ್ರಿಯ ಹಡಗಿನ ಪ್ರಯಾಣಕ್ಕೆ ಮೂರೋ ನಾಲ್ಕೋ ಐದೋ ರಾತ್ರಿಯ ಭೂಪ್ರವಾಸವನ್ನು ಸೇರಿಸಿದರೆ ಅದನ್ನು ‘ಕ್ರೂಸ್‌ಟೂರ್’ ಎಂಬ ಹೆಸರಿನಲ್ಲಿ ಮಾರುತ್ತಾರೆ. “ಇಷ್ಟ ದೂರ ಹೊಂಟೀರಿ, ಇನ್ನ ನಾಕ ದಿನ ಹಾಕ್ರಿ, ಒಳಗಿನ ಅಲಾಸ್ಕಾನೂ ನೋಡಿ ಬರ್ರಿ” ಎಂದು ಏಜೆಂಟರು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಕರಾವಳಿಯ ಹಿಮನದಿಗಳನ್ನು ಹಡಗಿನಿಂದ ನೋಡಬಹುದೇ ಹೊರತು, ಒಳನಾಡಿನ ಟಂಡ್ರಾ ಎಂಬ ಮರವಿಲ್ಲದ ಶೀತ ಬಯಲು, ಕರಡಿ, ಕ್ಯಾರಿಬೂ ಎಂಬ ಹಿಮಸಾರಂಗಗಳ ಹಿಂಡು, ಉತ್ತರ ಅಮೆರಿಕದ ಅತಿ ಎತ್ತರದ ಶಿಖರವಾದ ಡೆನಾಲಿ, ಇವು ಹಡಗಿನ ಡೆಕ್ಕಿನಿಂದ ಕಾಣುವಂಥವಲ್ಲ.

ಆದರೆ ಲ್ಯಾಂಡ್ ಟೂರ್ ಎಂದರೆ ಕ್ರೂಸ್‌ನ ಮುಂದುವರಿದ ಭಾಗ ಎಂದು ತಿಳಿದು ಹೊರಟವರು ಮೊದಲ ದಿನವೇ ಕಂಗೆಡುತ್ತಾರೆ. ಹಡಗಿನಲ್ಲಿ ನಿಮ್ಮ ಕೋಣೆ, ಊಟದ ಮನೆ, ಬಟ್ಟೆಯ ಕಪಾಟು ಎಲ್ಲವೂ ನಿಮ್ಮೊಂದಿಗೆ ಊರಿಂದೂರಿಗೆ ತೇಲುತ್ತವೆ. ನೆಲದ ಮೇಲೆ ಅವೆಲ್ಲ ದಿನಕ್ಕೊಮ್ಮೆ ಬದಲಾಗುತ್ತವೆ, ಗಡಿಯಾರವೊಂದು ಮಾತ್ರ ಬೆನ್ನು ಬಿಡುವುದಿಲ್ಲ. ಇದೇ ಕಂಪನಿ, ಇದೇ ಬುಕಿಂಗ್, ಇದೇ ರಸೀದಿ ಆಗಿದ್ದರೂ ಪ್ರಯಾಣದ ಜಾತಿಯೇ ಬೇರೆ.

[ದೃಶ್ಯ: ನಕ್ಷೆ. ವ್ಯಾಂಕೂವರ್‌ನಿಂದ ಉತ್ತರಕ್ಕೆ ಗೆರೆ. ವಿಟ್ಟಿಯರ್, ಸೆವಾರ್ಡ್, ಆಂಕರೇಜ್, ಡೆನಾಲಿ, ಫೇರ್‌ಬ್ಯಾಂಕ್ಸ್ ಗುರುತುಗಳು.]

ಮೊದಲು ದಾರಿಯನ್ನು ನೋಡೋಣ. ಲ್ಯಾಂಡ್ ಟೂರ್ ಸೇರಿದ ಹಡಗುಗಳು ಸಾಮಾನ್ಯವಾಗಿ ಕೆನಡಾದ ವ್ಯಾಂಕೂವರ್‌ ಮತ್ತು ಅಲಾಸ್ಕಾದ ವಿಟ್ಟಿಯರ್ ಅಥವಾ ಸೆವಾರ್ಡ್ ಬಂದರಿನ ನಡುವೆ ಒಂದೇ ದಿಕ್ಕಿನಲ್ಲಿ ಸಾಗುತ್ತವೆ. ಮಗಳ ಮನೆ ಸಿಯಾಟಲ್‌ನಲ್ಲೇ ಇದೆ, ಅಲ್ಲಿಂದಲೇ ಹತ್ತಿ ವಿಟ್ಟಿಯರ್‌ನಲ್ಲಿ ಇಳಿಯಬಾರದೇಕೆ ಎಂದು ಅನೇಕರು ಕೇಳುತ್ತಾರೆ. ಅದಕ್ಕೆ ಅಡ್ಡ ನಿಂತಿರುವುದು 1886ರಲ್ಲಿ ಅಮೆರಿಕ ಮಾಡಿದ ಒಂದು ಕಾಯ್ದೆ. ವಿದೇಶಿ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿದವರನ್ನು, ನಡುವೆ ದೂರದ ಬೇರೊಂದು ದೇಶವನ್ನು ಮುಟ್ಟದೆ, ಅಮೆರಿಕದ ಇನ್ನೊಂದು ಬಂದರಿನಲ್ಲಿ ಇಳಿಸುವಂತಿಲ್ಲ. ಪಕ್ಕದ ಕೆನಡಾವನ್ನು ಈ ಲೆಕ್ಕಕ್ಕೆ ‘ದೂರದ ದೇಶ’ ಎಂದು ಹಿಡಿಯುವುದಿಲ್ಲ. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಡಿಮೆ ಎಲ್ಲವೂ ಬಹಾಮಾಸ್, ಬರ್ಮುಡಾ, ನೆದರ್‌ಲ್ಯಾಂಡ್ಸ್, ಪನಾಮಾದಂಥ ಬೇರೆ ದೇಶಗಳಲ್ಲಿ ನೋಂದಣಿಯಾದವು. ಹೀಗಾಗಿ ಸಿಯಾಟಲ್‌ನಿಂದ ಹೊರಟ ಹಡಗು ಸಿಯಾಟಲ್‌ಗೇ ಮರಳುತ್ತದೆ, ಒಳನಾಡಿಗೆ ಹೋಗಬೇಕಾದವರು ವ್ಯಾಂಕೂವರ್ ದಾರಿಯನ್ನು ಹಿಡಿಯಬೇಕಾಗುತ್ತದೆ.

ಇದರಿಂದ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಒಂದು ಕೆಲಸ ಹೆಚ್ಚಾಗುತ್ತದೆ: ಅಮೆರಿಕದ ವೀಸಾದ ಜೊತೆಗೆ ಕೆನಡಾದ ಸಂದರ್ಶಕ ವೀಸಾ ಬೇಕು, ಅಮೆರಿಕದ ವೀಸಾ ಕೂಡ ಮತ್ತೆ ಮತ್ತೆ ಪ್ರವೇಶಿಸಲು ಅವಕಾಶವಿರುವಂಥದ್ದಾಗಿರಬೇಕು. ಮಕ್ಕಳು ಅಮೆರಿಕದ ಪಾಸ್‌ಪೋರ್ಟ್ ಪಡೆದವರಾಗಿದ್ದರೆ ಅವರಿಗೆ ಈ ತೊಂದರೆ ಇರುವುದಿಲ್ಲವಾದ್ದರಿಂದ ಬುಕಿಂಗ್ ಮಾಡುವಾಗ ಅದು ಅವರ ಮನಸ್ಸಿಗೆ ಬರುವುದೂ ಇಲ್ಲ. ಕೆನಡಾ ವೀಸಾಕ್ಕೆ ಬೆರಳಚ್ಚು ಕೊಡಬೇಕಾಗುತ್ತದೆ, ಅದಕ್ಕೆ ಸಮಯವೂ ಹಿಡಿಯುತ್ತದೆ. ಊರು ಬಿಡುವ ಮುಂಚೆಯೇ ಅದನ್ನು ಮುಗಿಸಿಕೊಳ್ಳುವುದು ಲೇಸು.

[ದೃಶ್ಯ: ಕಿಟಕಿಯಾಚೆ ಕತ್ತಲ ಸುರಂಗ, ನಂತರ ಬೆಳಕು. ಪರದೆಯ ಮೇಲೆ: ವಿಟ್ಟಿಯರ್ ಸುರಂಗ, ಸುಮಾರು 4 ಕಿ.ಮೀ.]

ವಿಟ್ಟಿಯರ್‌ನಲ್ಲಿ ಇಳಿದವರು ಹೊರಗೆ ಬರಲು ಇರುವ ನೆಲದ ದಾರಿ ಒಂದೇ, ಪರ್ವತವನ್ನು ಕೊರೆದ ಸುಮಾರು 4 ಕಿಲೋಮೀಟರ್ ಉದ್ದದ ಸುರಂಗ. ಇದರಲ್ಲಿ ರೈಲು ಹಳಿಯೂ ವಾಹನ ರಸ್ತೆಯೂ ಒಂದೇ ಪಟ್ಟಿಯಲ್ಲಿವೆ. ರೈಲು ಹೋಗುವಾಗ ಬಸ್ಸು ನಿಲ್ಲಬೇಕು, ಒಂದು ದಿಕ್ಕಿನ ವಾಹನಗಳು ಮುಗಿದ ಮೇಲೆ ಇನ್ನೊಂದು ದಿಕ್ಕಿಗೆ ಸರದಿ. ಅಲ್ಲಿಂದ ಆಂಕರೇಜ್ ನಗರ ಸುಮಾರು 100 ಕಿಲೋಮೀಟರ್. ಸೆವಾರ್ಡ್‌ನಲ್ಲಿ ಇಳಿದರೆ ಅದರ ಎರಡರಷ್ಟು ದೂರ.

ಆಂಕರೇಜ್‌ನಿಂದ ಡೆನಾಲಿ ರಾಷ್ಟ್ರೀಯ ಉದ್ಯಾನದ ಪ್ರವೇಶದ್ವಾರಕ್ಕೆ ರಸ್ತೆಯಲ್ಲಿ ಸುಮಾರು 380 ಕಿಲೋಮೀಟರ್. ರೈಲಿಗೆ ಎಂಟು ಗಂಟೆಗಳ ಹತ್ತಿರ ಬೇಕು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹಗಲು ರೈಲಿನಲ್ಲಿ ಹೋದವರಿಗೆ ಈ ಕುಳಿತಿರುವಿಕೆಯ ಅಂದಾಜು ಸಿಗುತ್ತದೆ, ದೂರ ಕಡಿಮೆಯಾದರೂ ಹೊತ್ತು ಅಷ್ಟೇ ಅಥವಾ ತುಸು ಹೆಚ್ಚು. ಹಾಗೆಂದು ಇದನ್ನು ವ್ಯರ್ಥ ಪ್ರಯಾಣ ಎನ್ನಲಾಗದು. ಕ್ರೂಸ್ ಕಂಪನಿಗಳ ಸ್ವಂತ ಬೋಗಿಗಳನ್ನು ಅಲಾಸ್ಕಾ ರೈಲ್‌ರೋಡ್‌ನ ಎಂಜಿನ್ನಿಗೆ ಜೋಡಿಸಿರುತ್ತಾರೆ. ಮೇಲಿನ ಅಂತಸ್ತಿಗೆ ಗಾಜಿನ ಛಾವಣಿ, ಕೆಳಗೆ ಊಟದ ಮೇಜುಗಳು. 1923ರ ಜುಲೈ 15ರಂದು ಅಧ್ಯಕ್ಷ ವಾರೆನ್ ಹಾರ್ಡಿಂಗ್ ನೆನಾನಾ ಎಂಬ ಊರಿನಲ್ಲಿ ಚಿನ್ನದ ಮೊಳೆ ಬಡಿದು ಪೂರ್ಣಗೊಳಿಸಿದ ಹಳಿ ಇದು. ಹರಿಕೇನ್ ಗಲ್ಚ್ ಎಂಬಲ್ಲಿ ಸುಮಾರು 90 ಮೀಟರ್ ಆಳದ ಕೊರಕಲಿನ ಮೇಲಿನ ಸೇತುವೆಯಲ್ಲಿ ರೈಲು ವೇಗ ತಗ್ಗಿಸುತ್ತದೆ, ಆಗ ಬೋಗಿಯಲ್ಲಿ ಫೋನ್ ಹಿಡಿಯದ ಕೈ ಕಾಣುವುದಿಲ್ಲ.

[ದೃಶ್ಯ: ಲಾಡ್ಜ್ ಕೋಣೆಯ ಬಾಗಿಲು. ಹೊಸ್ತಿಲ ಹೊರಗೆ ಬಣ್ಣದ ಚೀಟಿ ಕಟ್ಟಿದ ಎರಡು ದೊಡ್ಡ ಸೂಟ್‌ಕೇಸ್‌ಗಳು.]

ಈಗ ನೆಲದ ಮೇಲಿನ ಒಂದು ಬೆಳಗನ್ನು ಹತ್ತಿರದಿಂದ ನೋಡಿ. ಹಿಂದಿನ ರಾತ್ರಿಯೇ ಕೋಣೆಗೆ ಒಂದು ಕಾಗದ ಬಂದಿರುತ್ತದೆ: ಲಗೇಜು ಇಂಥ ಹೊತ್ತಿಗೆ ಬಾಗಿಲ ಹೊರಗಿರಬೇಕು, ನೀವು ಇಂಥ ಹೊತ್ತಿಗೆ ಲಾಬಿಯಲ್ಲಿರಬೇಕು. ಲಗೇಜಿನ ಹೊತ್ತು ನಸುಕಿನದ್ದಾಗಿರುತ್ತದೆ, ಏಕೆಂದರೆ ಅದು ನಿಮ್ಮ ರೈಲಿನಲ್ಲಿ ಅಲ್ಲ, ಬೇರೆ ಲಾರಿಯಲ್ಲಿ ಹೋಗುತ್ತದೆ. ನೀವು ಮುಂದಿನ ಹೋಟೆಲ್ ಸೇರಿದ ಎಷ್ಟೋ ಹೊತ್ತಿನ ಮೇಲೆ ಅದು ಕೋಣೆಗೆ ಬರಬಹುದು. ರಕ್ತದೊತ್ತಡದ ಮಾತ್ರೆ, ಇನ್ಸುಲಿನ್, ಕನ್ನಡಕ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ, ಬೆಚ್ಚನೆಯ ಜಾಕೆಟ್, ಇವು ಆ ದೊಡ್ಡ ಪೆಟ್ಟಿಗೆಯೊಳಗೆ ಹೋದರೆ ಸಂಜೆಯವರೆಗೆ ನಿಮ್ಮ ಕೈಗೆ ಸಿಗುವುದಿಲ್ಲ. ಇವೆಲ್ಲ ಹಿಡಿಸುವ, ನೀವೇ ಹೊರಬಲ್ಲ ಒಂದು ಕೈಚೀಲ ಇಡೀ ಪ್ರವಾಸದ ಅತ್ಯಂತ ಮುಖ್ಯ ವಸ್ತು. ಕೆಲವು ಪ್ಯಾಕೇಜುಗಳಲ್ಲಿ ದೊಡ್ಡ ಪೆಟ್ಟಿಗೆಯನ್ನು ನೇರವಾಗಿ ಕೊನೆಯ ಊರಿಗೆ ಕಳಿಸಿ, ನಡುವಿನ ರಾತ್ರಿಗಳಿಗೆ ಸಣ್ಣ ಬ್ಯಾಗನ್ನಷ್ಟೇ ಉಳಿಸಿಕೊಳ್ಳಲು ಹೇಳುವುದೂ ಉಂಟು.

[ದೃಶ್ಯ: ಖಡಕ್ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿಯ ಪೊಟ್ಟಣ, ಪಕ್ಕದಲ್ಲಿ ಹೋಟೆಲಿನ ಮೆನು.]

ಇನ್ನು ಊಟ. “ಹಡಗಿನ್ಯಾಗ ಎಲ್ಲಾ ಸೇರಿತ್ತಲ್ಲರಿ, ಇಲ್ಲ್ಯಾಕ ಮತ್ತ ರೊಕ್ಕ?” ಎಂಬ ಪ್ರಶ್ನೆ ಬಹಳ ಮಂದಿಯದು. ಉತ್ತರ ಇಷ್ಟೇ: ಹಡಗಿನ ದರದಲ್ಲಿ ಊಟ ಸೇರಿರುತ್ತದೆ, ನೆಲದ ಮೇಲಿನ ದರದಲ್ಲಿ ಬಹುಪಾಲು ಪ್ಯಾಕೇಜುಗಳಲ್ಲಿ ಸೇರಿರುವುದಿಲ್ಲ. ರೈಲಿನ ಊಟಕ್ಕೆ, ಲಾಡ್ಜಿನ ತಿಂಡಿಗೆ, ಚಹಾಕ್ಕೆ ಕೂಡ ಬಿಲ್ಲು ಬೇರೆ. ಎಲ್ಲ ಸರಕೂ ದೂರದಿಂದ ಬರುವ, ವರ್ಷಕ್ಕೆ ನಾಲ್ಕೈದು ತಿಂಗಳಷ್ಟೇ ಅಂಗಡಿ ತೆರೆದಿರುವ ಜಾಗವಾದ್ದರಿಂದ ದರವೂ ಮೇಲಿನದೇ. ಸಸ್ಯಾಹಾರಿಗಳಿಗೆ ಇನ್ನೊಂದು ಸೂಕ್ಷ್ಮವಿದೆ. ಹಡಗಿನಲ್ಲಿ ಮುಂಚೆಯೇ ತಿಳಿಸಿದ್ದರೆ ಮುಖ್ಯ ಭೋಜನಶಾಲೆಯವರು ಭಾರತೀಯ ಸಸ್ಯಾಹಾರವನ್ನು ಮಾಡಿಕೊಡುತ್ತಾರೆ. ಆದರೆ ಆ ಕೋರಿಕೆ ಹಡಗಿನ ಅಡುಗೆಮನೆಯಲ್ಲೇ ಉಳಿಯುತ್ತದೆ, ಡೆನಾಲಿಯ ಲಾಡ್ಜಿಗೆ ಅದು ತಲುಪಿರುವುದಿಲ್ಲ. ಅಲ್ಲಿ ಸಾಲ್ಮನ್ ಮೀನು ಮತ್ತು ಬರ್ಗರ್‌ಗಳ ನಡುವೆ ನಿಮಗೆ ಸಿಗುವುದು ಪಿಜ್ಜಾ, ಸಲಾಡ್, ಹುರಿದ ಆಲೂಗಡ್ಡೆ. ನಮ್ಮ ಕಡೆಯ ಖಡಕ್ ರೊಟ್ಟಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟಿನ ಪೊಟ್ಟಣಗಳು ಇಂಥ ಕಡೆ ದೊಡ್ಡ ಆಸರೆ. ಆದರೆ ಅಮೆರಿಕ ಪ್ರವೇಶಿಸುವಾಗ ತಂದಿರುವ ಎಲ್ಲ ಆಹಾರವನ್ನೂ ಘೋಷಿಸಬೇಕು, ಮತ್ತು ಹಡಗಿನೊಳಗೆ ಮನೆಯಲ್ಲಿ ಮಾಡಿದ ತಿನಿಸನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಅಂಗಡಿಯಲ್ಲಿ ಸೀಲ್ ಮಾಡಿದ ಪೊಟ್ಟಣಗಳೇ ಕ್ಷೇಮ. ಟಿಪ್ಸ್ ಕೂಡ ಹೀಗೆಯೇ: ಹಡಗಿನಲ್ಲಿ ಅದು ಖಾತೆಗೆ ತಾನಾಗಿ ಸೇರುತ್ತದೆ, ನೆಲದ ಮೇಲೆ ಚಾಲಕರಿಗೂ ಮಾರ್ಗದರ್ಶಕರಿಗೂ ನೀವೇ ಕೊಡಬೇಕು.

[ದೃಶ್ಯ: ಉದ್ಯಾನದ ರಸ್ತೆ, ಕಂದು ಬಣ್ಣದ ಬಸ್ಸು, ದೂರದಲ್ಲಿ ಮೋಡ.]

ಈ ಪ್ರವಾಸದ ತಿರುಳು ಡೆನಾಲಿ. 6,190 ಮೀಟರ್ ಎತ್ತರದ ಈ ಪರ್ವತಕ್ಕೆ 2015ರಲ್ಲಿ ಡೆನಾಲಿ ಎಂಬ ಮೂಲನಿವಾಸಿಗಳ ಹೆಸರು ಅಧಿಕೃತವಾಯಿತು, 2025ರಲ್ಲಿ ಅಮೆರಿಕ ಸರ್ಕಾರ ಮತ್ತೆ ಮೌಂಟ್ ಮೆಕಿನ್ಲಿ ಎಂದು ಬದಲಿಸಿತು; ಉದ್ಯಾನದ ಹೆಸರು ಡೆನಾಲಿಯೇ. ಕರಪತ್ರದಲ್ಲಿ ಎರಡೂ ಹೆಸರು ಕಂಡರೆ ಅವು ಎರಡು ಪರ್ವತಗಳಲ್ಲ.

ಈಗ ದಿನವಾರು ಪಟ್ಟಿಯಲ್ಲಿ ‘ಡೆನಾಲಿ’ ಎಂದಿರುವ ಸಾಲನ್ನು ನಿಧಾನವಾಗಿ ಓದಿ. ಆಂಕರೇಜ್‌ನಿಂದ ಬೆಳಿಗ್ಗೆ ಹೊರಟ ರೈಲು ಅಲ್ಲಿಗೆ ಮುಟ್ಟುವುದು ಮಧ್ಯಾಹ್ನ ನಾಲ್ಕರ ಸುಮಾರಿಗೆ. ಒಂದೇ ರಾತ್ರಿಯ ತಂಗುವಿಕೆಯಾದರೆ ಮರುದಿನ ನಸುಕಿನಲ್ಲಿ ಬಸ್ಸು ಹತ್ತಿ, ಉದ್ಯಾನ ಸುತ್ತಿ ಬಂದು, ಅಂದೇ ಮಧ್ಯಾಹ್ನ ಉತ್ತರದ ಫೇರ್‌ಬ್ಯಾಂಕ್ಸ್ ನಗರಕ್ಕೆ ಹೊರಡಬೇಕು. ಆ ಬೆಳಿಗ್ಗೆ ಮೋಡ ಕವಿದಿದ್ದರೆ ಮುಗಿಯಿತು. ಪರ್ವತ ಪೂರ್ಣವಾಗಿ ಕಾಣುವುದು ಅಲ್ಲಿಗೆ ಹೋದ ಮೂವರಲ್ಲಿ ಒಬ್ಬರಿಗಷ್ಟೇ ಎಂಬ ಮಾತು ಪ್ರಚಾರದ ಚಿತ್ರಗಳಲ್ಲಿ ಕಾಣದಿದ್ದರೂ ಅಲ್ಲಿನವರೆಲ್ಲ ಒಪ್ಪುವ ಮಾತು. ಆದ್ದರಿಂದ ಡೆನಾಲಿಯ ಬಳಿ ಎರಡು ರಾತ್ರಿಗಿಂತ ಕಡಿಮೆ ಇರುವ ಪ್ಯಾಕೇಜನ್ನು ನಾನು ಯಾರಿಗೂ ಸೂಚಿಸುವುದಿಲ್ಲ, ಅದಕ್ಕಾಗಿ ಆಂಕರೇಜ್‌ನ ರಾತ್ರಿಯನ್ನು ಬಿಟ್ಟುಕೊಟ್ಟರೂ ನಷ್ಟವಿಲ್ಲ.

ಎರಡು ರಾತ್ರಿ ಎಂದು ಬರೆದಿದ್ದರೂ ಲಾಡ್ಜ್ ಎಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ನೋಡಬೇಕು. ಟಾಲ್ಕೀಟ್ನಾ, ಟ್ರ್ಯಾಪರ್ ಕ್ರೀಕ್ ಕಡೆಯ ಲಾಡ್ಜುಗಳು ಪರ್ವತದ ದಕ್ಷಿಣಕ್ಕಿವೆ. ಆಕಾಶ ತಿಳಿಯಾಗಿದ್ದರೆ ಅವುಗಳ ಜಗಲಿಯಿಂದಲೇ ಶಿಖರ ಕಾಣುತ್ತದೆ, ಆದರೆ ಉದ್ಯಾನದ ಪ್ರವೇಶದ್ವಾರ ಅಲ್ಲಿಂದ 150 ಕಿಲೋಮೀಟರಿಗೂ ದೂರ. ಪ್ರವೇಶದ್ವಾರದ ಬಳಿಯ ಹೋಟೆಲುಗಳದ್ದು ಇದಕ್ಕೆ ತಿರುವುಮುರುವು: ಪ್ರಾಣಿಗಳ ಬಯಲು ಹತ್ತಿರ, ಶಿಖರ ಮಾತ್ರ ಕಾಣದು.

ಉದ್ಯಾನದೊಳಗಿನ ರಸ್ತೆ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ಉದ್ದ. ಬೇಸಿಗೆಯಲ್ಲಿ ಖಾಸಗಿ ವಾಹನಗಳಿಗೆ ಮೊದಲ 15 ಮೈಲಿಯವರೆಗಷ್ಟೇ ಪ್ರವೇಶ, ಮುಂದೆ ಉದ್ಯಾನದ ಬಸ್ಸೇ ಗತಿ. ಪ್ರೆಟಿ ರಾಕ್ಸ್ ಎಂಬಲ್ಲಿ ಗುಡ್ಡ ಜಾರಿ ರಸ್ತೆ ಕುಸಿದದ್ದರಿಂದ 2021ರ ಆಗಸ್ಟ್‌ನಲ್ಲಿ ಬಸ್ಸುಗಳ ಓಡಾಟವನ್ನು 43ನೆಯ ಮೈಲಿಗೆ ನಿಲ್ಲಿಸಲಾಯಿತು, ಕುಸಿದ ಜಾಗವನ್ನು ದಾಟಲು ಸೇತುವೆಯ ಕೆಲಸವನ್ನೂ ಕೈಗೆತ್ತಿಕೊಳ್ಳಲಾಯಿತು. ನೀವು ಹೋಗುವ ವರ್ಷ ಬಸ್ಸು ಎಲ್ಲಿಯವರೆಗೆ ಹೋಗುತ್ತದೆ ಎಂದು ಕೇಳಿಕೊಳ್ಳಿ. ಇನ್ನೂ ಮುಖ್ಯವಾಗಿ, ಪ್ಯಾಕೇಜಿನಲ್ಲಿ ಯಾವ ಬಸ್ ಪ್ರವಾಸ ಸೇರಿದೆ ಎಂದು ಕೇಳಿ. ನ್ಯಾಚುರಲ್ ಹಿಸ್ಟರಿ ಟೂರ್ ಎಂಬುದು ಉದ್ಯಾನದೊಳಗೆ ಕಡಿಮೆ ದೂರ ಹೋಗಿ ಮರಳುವಂಥದ್ದು. ಟಂಡ್ರಾ ವೈಲ್ಡರ್‌ನೆಸ್ ಟೂರ್ ಇನ್ನೂ ಒಳಗೆ ಹೋಗುತ್ತದೆ, ಕರಡಿ, ಮೂಸ್ ಎಂಬ ಭಾರೀ ಜಿಂಕೆ, ಕ್ಯಾರಿಬೂ, ಡಾಲ್ ಎಂಬ ಬಿಳಿ ಕಾಡುಕುರಿಗಳು ಕಾಣುವ ಅವಕಾಶ ಅದರಲ್ಲೇ ಹೆಚ್ಚು. ಅನೇಕ ಪ್ಯಾಕೇಜುಗಳಲ್ಲಿ ಮೊದಲನೆಯದು ಸೇರಿರುತ್ತದೆ, ಎರಡನೆಯದಕ್ಕೆ ಹೆಚ್ಚಿನ ಹಣ ಕೊಡಬೇಕು. ಇಡೀ ಪ್ರವಾಸದಲ್ಲಿ ಕೊಟ್ಟ ದುಡ್ಡಿಗೆ ತಕ್ಕ ಫಲ ಸಿಗುವ ಖರ್ಚೆಂದರೆ ಇದೊಂದೇ ಎಂದು ನನಗನ್ನಿಸುತ್ತದೆ. ಐದು ಗಂಟೆಗೂ ಮೀರಿದ ಈ ಪ್ರವಾಸದ ಬಸ್ಸು ನಮ್ಮ ಶಾಲಾ ಬಸ್ಸಿನಂತೆಯೇ ಸರಳ. ಒಳಗೆ ಶೌಚಾಲಯವಿಲ್ಲ, ದಾರಿಯಲ್ಲಿ ನಿಲುಗಡೆಗಳಿವೆ. ಮಂಡಿನೋವಿನವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

[ದೃಶ್ಯ: ನದಿಯಲ್ಲಿ ಚಕ್ರದ ದೋಣಿ, ಗಡಿಯಾರ ರಾತ್ರಿ ಹನ್ನೊಂದು, ಹೊರಗೆ ಬೆಳಕು.]

ಫೇರ್‌ಬ್ಯಾಂಕ್ಸ್‌ನಲ್ಲಿ ಸಾಮಾನ್ಯವಾಗಿ ದೊಡ್ಡ ಚಕ್ರ ನೀರನ್ನು ತಳ್ಳಿ ಸಾಗಿಸುವ ಹಳೆಯ ಮಾದರಿಯ ದೋಣಿಯ ವಿಹಾರ, ಹಳೆಯ ಚಿನ್ನದ ಗಣಿಯಂತ್ರ ಇರುವಲ್ಲಿ ಮಣ್ಣು ಜಾಲಿಸಿ ಚಿನ್ನದ ಪುಡಿ ಹುಡುಕುವ ಆಟ ಇರುತ್ತವೆ. ಮೊಮ್ಮಕ್ಕಳು ಜೊತೆಗಿದ್ದರೆ ಸೊಗಸು. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ದಿನಕ್ಕೆ 21 ಗಂಟೆಗೂ ಹೆಚ್ಚು ಹೊತ್ತು ಇರುವುದರಿಂದ ನಿದ್ದೆಗೆ ಕಣ್ಣುಪಟ್ಟಿ ಬೇಕು, ಸೊಳ್ಳೆಗಳಿಗೆ ಮುಲಾಮು ಬೇಕು. ಆಗಸ್ಟ್ ಕೊನೆಗೆ ಹೋದರೆ ಟಂಡ್ರಾ ಕೆಂಪಾಗಿರುತ್ತದೆ, ಸೊಳ್ಳೆ ತಗ್ಗಿರುತ್ತದೆ, ರಾತ್ರಿ ಕತ್ತಲಾಗುವುದರಿಂದ ಆಕಾಶದಲ್ಲಿ ಬಣ್ಣಬಣ್ಣವಾಗಿ ಹರಡುವ ಉತ್ತರದ ಬೆಳಕು (ಅರೋರಾ) ಕಾಣುವ ಸಾಧ್ಯತೆಯೂ ಹುಟ್ಟುತ್ತದೆ. ಚಳಿ ಮಾತ್ರ ಹೆಚ್ಚು.

ನೆಲ ಮೊದಲೋ ಹಡಗು ಮೊದಲೋ ಎಂಬ ಆಯ್ಕೆಯೂ ಇದೆ. ಫೇರ್‌ಬ್ಯಾಂಕ್ಸ್‌ಗೆ ವಿಮಾನದಲ್ಲಿ ಹೋಗಿ, ಒಳನಾಡನ್ನು ಮುಗಿಸಿ, ಆಮೇಲೆ ಹಡಗು ಹತ್ತಿ ವ್ಯಾಂಕೂವರ್‌ಗೆ ಬರುವ ಕ್ರಮವೇ ಅರವತ್ತು ದಾಟಿದವರಿಗೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ನಸುಕಿನ ಏಳುವಿಕೆ, ಬಸ್ಸು, ರೈಲು ಎಲ್ಲ ಮೊದಲೇ ಮುಗಿದು, ಪೆಟ್ಟಿಗೆ ಬಿಚ್ಚಿ ಏಳು ದಿನ ಒಂದೇ ಕೋಣೆಯಲ್ಲಿರುವ ಸುಖ ಕೊನೆಗೆ ಉಳಿಯುತ್ತದೆ. ಕಂಪನಿಯ ಪ್ಯಾಕೇಜನ್ನೇ ತೆಗೆದುಕೊಂಡರೆ ಹಡಗಿಗೆ ಮುಟ್ಟಿಸುವ ಹೊಣೆ ಅವರದು. ಕಾರು ಬಾಡಿಗೆ ಹಿಡಿದು ಮಕ್ಕಳೇ ಓಡಿಸುವುದಾದರೆ ಖರ್ಚು ಕಡಿಮೆಯಾಗಬಹುದು, ಬೇಕಾದಲ್ಲಿ ನಿಲ್ಲಬಹುದು. ಆದರೆ ರಸ್ತೆಯಲ್ಲಿ ತಡವಾದರೆ ಹಡಗು ಕಾಯುವುದಿಲ್ಲ, ಆ ಕ್ರಮದಲ್ಲಿ ಬಂದರಿನ ಬಳಿ ಒಂದು ರಾತ್ರಿ ಮುಂಚೆಯೇ ತಂಗಬೇಕು.

ವಿಮೆ ಮಾಡಿಸುವಾಗ ತುರ್ತು ಸ್ಥಳಾಂತರದ ವೆಚ್ಚ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ. ಹಡಗಿನಲ್ಲಿ ವೈದ್ಯರಿರುತ್ತಾರೆ; ಡೆನಾಲಿಯ ಪ್ರವೇಶದ್ವಾರದಿಂದ ಫೇರ್‌ಬ್ಯಾಂಕ್ಸ್‌ನ ಆಸ್ಪತ್ರೆಗೆ ಸುಮಾರು 190 ಕಿಲೋಮೀಟರ್ ಹೋಗಬೇಕು.