ಆ ಬಾಟ್ಲಿಯೊಳಗಿನವು ಹೆಂಗ ಬದುಕ್ತಾವ?

ನಮಸ್ಕಾರ. ಇವತ್ತಿನ ಮಾತು ಶುರುವಾಗುವುದು ನಮ್ಮ ಮನೆಯ ಎಮ್ಮೆಯಿಂದ.

ಮುಧೋಳದ ಹತ್ತಿರ ನಮ್ಮೂರು. ಹೋದ ವರ್ಷ ಎಮ್ಮೆಗೆ ಕೆಚ್ಚಲು ಬಾವು ಬಂತು. ದನದ ಡಾಕ್ಟ್ರು ಬಂದು ಇಂಜೆಕ್ಷನ್ ಮಾಡಿದರು. ನಾಲ್ಕೈದು ದಿನ ಹಾಲು ಬಳಸಬೇಡಿ ಅಂತ ಹೇಳಿ ಹೋದರು. ಅವ್ವನಿಗೆ ಮನಸ್ಸು ತಡೆಯಲಿಲ್ಲ. ಅಷ್ಟು ಹಾಲು ಚೆಲ್ಲುವುದು ಹೇಗೆ ಅಂತ ಕಾಸಿ ಹೆಪ್ಪು ಹಾಕಿಯೇಬಿಟ್ಟಳು. ಬೆಳಿಗ್ಗೆ ಗಡಿಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇದೆ. ಮೇಲೊಂದು ತೆಳ್ಳನೆ ಕೆನೆ, ಅಷ್ಟೇ. ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿದಳು, ಒಂಚೂರೂ ಹುಳಿ ಇಲ್ಲ. ಹಾಲಿನಲ್ಲಿ ಉಳಿದಿದ್ದ ಆ್ಯಂಟಿಬಯೋಟಿಕ್ ಹೆಪ್ಪಿನ ಬ್ಯಾಕ್ಟೀರಿಯಾವನ್ನು ಕೊಂದುಹಾಕಿತ್ತು. ಎಮ್ಮೆ ಕಟ್ಟಿದ ಮನೆಯವರಿಗೆ ಇದು ಹೊಸದೇನಲ್ಲ.

ಅದಾಗಿ ಕೆಲವು ತಿಂಗಳಿಗೆ ನನ್ನ ತಂಗಿಯ ಮಗನಿಗೆ ಜ್ವರ, ಗಂಟಲು ನೋವು. ನಾಲ್ಕು ವರ್ಷದ ಹುಡುಗ. ಬಾಗಲಕೋಟೆ ನವನಗರದ ಒಂದು ದವಾಖಾನೆಯಲ್ಲಿ ತೋರಿಸಿದರು. ಐದು ದಿನದ ಆ್ಯಂಟಿಬಯೋಟಿಕ್ ಸಿರಪ್, ಜೊತೆಗೆ ಹತ್ತು ಪುಟ್ಟ ಪ್ಲಾಸ್ಟಿಕ್ ಬಾಟ್ಲಿ. ನೀವೂ ನೋಡಿರುತ್ತೀರಿ, ಹೆಬ್ಬೆರಳಿನಷ್ಟು ಇರುತ್ತವೆ. ತಂಗಿ ಅದರ ತುದಿ ತಿರುವಿ ಮುರಿದು ಚಮಚಕ್ಕೆ ಸುರಿದಳು. ಅಕ್ಕಿ ತೊಳೆದ ನೀರಿನ ಹಾಗೆ ಸ್ವಲ್ಪ ಮಬ್ಬಾಗಿತ್ತು. ಅವ್ವ ಪಕ್ಕದಲ್ಲೇ ಕೂತು ನೋಡುತ್ತಿದ್ದಳು.

"ಏನವಾ ಅದು?"

"ಒಳ್ಳೆ ಬ್ಯಾಕ್ಟೀರಿಯಾ ಅವ್ವ. ಮೊಸರಿನ್ಯಾಗ ಇರ್ತಾವಲ್ಲ, ಅಂಥಾವು. ಔಷಧಕ್ಕ ಹೊಟ್ಟಿ ಕೆಡಬಾರದು ಅಂತ ಕೊಟ್ಟಾರ."

ಅವ್ವ ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ ಕೇಳಿದಳು: "ಎಮ್ಮಿ ಇಂಜೆಕ್ಷನ್ನಿಗೆ ನನ್ನ ಹೆಪ್ಪು ಸತ್ತು ಹೋತಲ್ಲ. ಅಂಥಾದ್ದ ಔಷಧ ಕುಡಿಸಿದ ಮ್ಯಾಲ ಈ ಬಾಟ್ಲಿಯೊಳಗಿನವು ಹೆಂಗ ಬದುಕ್ತಾವ?"

ಎಷ್ಟು ಸರಿಯಾದ ಪ್ರಶ್ನೆ ನೋಡಿ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಕೂತು ಓದಿದೆ. ಒಳ್ಳೆಯದಾಗಲಿ ಅಂತ ಹೀಗೆ ಹೊಟ್ಟೆಗೆ ಕೊಡುವ ಜೀವಂತ ಸೂಕ್ಷ್ಮಜೀವಿಗಳಿಗೆ ಪ್ರೊಬಯೋಟಿಕ್ ಅಂತ ಹೆಸರು.

ಉತ್ತರ ಇದು: ಅವು ಬದುಕುವುದು ಆ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಆಗಿರುವುದರಿಂದ. ಆ ಕೆಲಸಕ್ಕೆ ಅಂತಲೇ ಆರಿಸಿದ ತಳಿಗಳು ಅವು. ನಮ್ಮಲ್ಲಿ ತುಂಬಾ ಬರೆದುಕೊಡುವ ಬ್ಯಾಸಿಲಸ್ ಕ್ಲಾಸಿಯನ್ನೇ ತಗೊಳ್ಳಿ. ಇದು ಬೀಜದ ಹಾಗೆ ಗಟ್ಟಿ ಕವಚದೊಳಗೆ ಇರುತ್ತದೆ. ಅದಕ್ಕೇ ನಮ್ಮ ಏಪ್ರಿಲ್ ಬಿಸಿಲಲ್ಲೂ ಫ್ರಿಜ್ ಬೇಕಾಗುವುದಿಲ್ಲ. ಇದರ ಹೆಸರಾಂತ ನಾಲ್ಕು ತಳಿಗಳಿವೆ. ಒಂದು ಟೆಟ್ರಾಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ. ಒಂದು ಕ್ಲೋರಾಂಫೆನಿಕಾಲ್‌ಗೆ. ಒಂದು ಸ್ಟ್ರೆಪ್ಟೋಮೈಸಿನ್, ನಿಯೋಮೈಸಿನ್‌ಗೆ. ಇನ್ನೊಂದು ನೋವೋಬಯೋಸಿನ್ ಮತ್ತು ರಿಫಾಂಪಿಸಿನ್‌ಗೆ. ರಿಫಾಂಪಿಸಿನ್ ಅಂದರೆ ಟಿಬಿಗೆ ಕೊಡುವ ಮುಖ್ಯ ಔಷಧಿ.

ಇದನ್ನು ಓದಿದಾಗ, ಈ ಗುಣ ರೋಗ ತರುವ ಬ್ಯಾಕ್ಟೀರಿಯಾಕ್ಕೂ ದಾಟಿಬಿಟ್ಟರೆ ಅಂತ ನನಗೂ ಎದೆ ಝಲ್ಲೆಂದಿತು. ಆದರೆ ಇಲ್ಲಿ ದುಡುಕಬಾರದು. ಔಷಧಿಗೆ ಜಗ್ಗದ ಗುಣ ಎಲ್ಲ ಬ್ಯಾಕ್ಟೀರಿಯಾದಲ್ಲೂ ಒಂದೇ ಥರ ಇರುವುದಿಲ್ಲ.

ನಮ್ಮ ಓಣಿಯ ಲೆಕ್ಕದಲ್ಲೇ ಹೇಳುತ್ತೇನೆ. ಪಕ್ಕದ ಮನೆಯವರು ಬಟ್ಟಲು ಹಿಡಿದು ಬಂದು "ಒಂಚೂರು ಹೆಪ್ಪು ಕೊಡ್ರೀ ಅಕ್ಕಾರ" ಅಂತಾರೆ. ಕೊಡುತ್ತೇವೆ. ಕೊಟ್ಟರೆ ನಮ್ಮ ಮನೆ ಮೊಸರೇನೂ ಮುಗಿಯುವುದಿಲ್ಲ, ಅವರ ಮನೆಯಲ್ಲೂ ಮೊಸರಾಗುತ್ತದೆ. ಬ್ಯಾಕ್ಟೀರಿಯಾ ಕೂಡ ಹೀಗೇ. ಹಲವುಗಳಲ್ಲಿ ಪ್ಲಾಸ್ಮಿಡ್ ಅಂತ ಡಿಎನ್ಎಯ ಸಣ್ಣ ಉಂಗುರ ಇರುತ್ತದೆ. ಔಷಧಿಗೆ ಜಗ್ಗದ ಗುಣ ಕೊಡುವ ಜೀನ್ (ಡಿಎನ್ಎಯ ತುಣುಕು) ಅದರಲ್ಲಿದ್ದರೆ, ಅದರ ನಕಲು ಮಾಡಿ ಪಕ್ಕದ ಬ್ಯಾಕ್ಟೀರಿಯಾಕ್ಕೆ ಕೊಡಬಲ್ಲವು. ತಮ್ಮದೇ ಜಾತಿಯದಾಗಬೇಕು ಅಂತೇನಿಲ್ಲ. ಕರುಳಿನಲ್ಲಿ ಕೋಟಿ ಕೋಟಿ ಅಕ್ಕಪಕ್ಕದ ಮನೆಗಳು. ರೋಗ ತರುವವೂ ಅಲ್ಲೇ ಇರುತ್ತವೆ.

ಆದರೆ ಅದೇ ಗುಣ ಬ್ಯಾಕ್ಟೀರಿಯಾದ ಮೂಲ ಡಿಎನ್ಎಯಲ್ಲಿ, ಅಂದರೆ ಕ್ರೋಮೋಸೋಮ್‌ನಲ್ಲಿ ಗಟ್ಟಿಯಾಗಿ ಕೂತಿದ್ದರೆ, ಅದು ಮನೆಯ ಬುನಾದಿ ಕಲ್ಲಿದ್ದ ಹಾಗೆ. ಯಾರು ಕೇಳಿದರೂ ಸುಲಭಕ್ಕೆ ಕಿತ್ತುಕೊಡಲು ಬರುವುದಿಲ್ಲ. ಮೊಸರಿನ ಬ್ಯಾಕ್ಟೀರಿಯಾದ ಬಳಗದ ಹಲವು ಲ್ಯಾಕ್ಟೋಬ್ಯಾಸಿಲಸ್‌ಗಳು ವ್ಯಾಂಕೋಮೈಸಿನ್‌ಗೆ ಜಗ್ಗದಿರುವುದು ಹೀಗೆ, ಅವುಗಳ ಹೊರಗೋಡೆಯ ಕಟ್ಟೋಣವೇ ಬೇರೆ. ಬ್ಯಾಸಿಲಸ್ ಕ್ಲಾಸಿಯಲ್ಲಿ ಸಿಕ್ಕ ಇಂಥ ಕೆಲವು ಜೀನ್‌ಗಳೂ ಕ್ರೋಮೋಸೋಮ್‌ನಲ್ಲೇ ಇವೆ. ಪ್ರಯೋಗಾಲಯದಲ್ಲಿ ಅವನ್ನು ಬೇರೆ ಬ್ಯಾಕ್ಟೀರಿಯಾಕ್ಕೆ ದಾಟಿಸಲು ನೋಡಿದರು, ದಾಟಲಿಲ್ಲ.

ಹಾಗಾದರೆ ಚಿಂತೆ ಬೇಡ್ವಾ? ಬೇಕು. ಲ್ಯಾಕ್ಟೋಬ್ಯಾಸಿಲಸ್ ರಾಯ್ಟೆರಿ ಅಂತ ಒಂದು ಪ್ರೊಬಯೋಟಿಕ್ ಇದೆ, ಕೂಸುಗಳಿಗೂ ಕೊಡುತ್ತಾರೆ. ಅದರ ಒಂದು ತಳಿ ಮಾರುಕಟ್ಟೆಯಲ್ಲಿದ್ದಾಗಲೇ ಅದರೊಳಗೆ ಎರಡು ಪ್ಲಾಸ್ಮಿಡ್ ಇರುವುದು ಗೊತ್ತಾಯಿತು. ಒಂದರಲ್ಲಿ ಟೆಟ್ರಾಸೈಕ್ಲಿನ್‌ಗೆ ಜಗ್ಗದ ಜೀನ್, ಇನ್ನೊಂದರಲ್ಲಿ ಲಿಂಕೋಮೈಸಿನ್‌ಗೆ. ಅಂದರೆ ಬಟ್ಟಲಲ್ಲಿ ಹಾಕಿ ಕೊಡಬಹುದಾದ ಹೆಪ್ಪು. ವಿಜ್ಞಾನಿಗಳು ಆ ಎರಡನ್ನೂ ತೆಗೆದುಹಾಕಿ ಮರಿ ತಳಿಯೊಂದನ್ನು ಮಾಡಿದರು, 2008ರಲ್ಲಿ ಅದನ್ನು ಪ್ರಕಟಿಸಿದರು. ಒಳ್ಳೆಯ ಗುಣಗಳು ಹಾಗೇ ಉಳಿದವು. ನನಗೆ ಇದು ತುಂಬಾ ದೊಡ್ಡ ಮಾತು. ಹುಡುಕಿದರೆ ಸಿಗುತ್ತದೆ, ಸಿಕ್ಕರೆ ಸರಿಪಡಿಸಲು ಬರುತ್ತದೆ. ಹುಡುಕಬೇಕು, ಅಷ್ಟೇ.

ಹುಡುಕಿ ಅಂತ ನಮ್ಮ ದೇಶವೂ ಹೇಳಿದೆ. 2011ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ಆಹಾರದ ಪ್ರೊಬಯೋಟಿಕ್‌ಗಳಿಗೆ ಮಾರ್ಗಸೂಚಿ ಮಾಡಿದವು. ಆ್ಯಂಟಿಬಯೋಟಿಕ್‌ಗೆ ಜಗ್ಗದ ಗುಣವನ್ನು ಪರೀಕ್ಷಿಸಬೇಕು ಅಂತ ಅದರಲ್ಲಿದೆ. ಆದರೆ ಪರೀಕ್ಷೆಯಲ್ಲಿ ಏನು ಬಂತು ಅಂತ ಕೊಳ್ಳುವ ನಮಗೆ ಯಾರು ಹೇಳುತ್ತಾರೆ? ತಂಗಿಯ ಮನೆಯ ಬಾಟ್ಲಿಯನ್ನು ಕಿಟಕಿ ಹತ್ತಿರ ಹಿಡಿದು, ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿದೆ. ಬ್ಯಾಕ್ಟೀರಿಯಾದ ಹೆಸರಿತ್ತು, ಎಷ್ಟು ಕೋಟಿ ಇವೆ ಅಂತಿತ್ತು, ಬೆಲೆ ಇತ್ತು. ಯಾವ ಔಷಧಿಗೆ ಜಗ್ಗುವುದಿಲ್ಲ, ಆ ಗುಣ ದಾಟುತ್ತದೋ ಇಲ್ಲವೋ, ಅದರ ಬಗ್ಗೆ ಒಂದಕ್ಷರ ಇರಲಿಲ್ಲ.

ನನ್ನ ಬೇಡಿಕೆ ಇದೇ. ಆ ಎರಡು ಸಾಲು ಡಬ್ಬಿಯ ಮೇಲೆ ಬರಬೇಕು. ಕನ್ನಡದಲ್ಲೂ ಬರಬೇಕು.

ಪ್ರೊಬಯೋಟಿಕ್ ಎಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಆ್ಯಂಟಿಬಯೋಟಿಕ್ ತಗೊಂಡ ಮಕ್ಕಳ ಮೇಲೆ ನಡೆದ 33 ಅಧ್ಯಯನಗಳನ್ನು ಕಾಕ್ರೇನ್ ಅನ್ನುವ, ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಸಂಸ್ಥೆಯವರು 2019ರಲ್ಲಿ ಒಟ್ಟಿಗೆ ನೋಡಿದರು. ಪ್ರೊಬಯೋಟಿಕ್ ಇಲ್ಲದವರಲ್ಲಿ ನೂರಕ್ಕೆ 19 ಮಕ್ಕಳಿಗೆ ಭೇದಿಯಾಯಿತು, ಕೊಟ್ಟವರಲ್ಲಿ 8 ಮಕ್ಕಳಿಗೆ. ಭೇದಿಯಿಂದ ಸೊರಗಿದ ಕೂಸನ್ನು ಎತ್ತಿಕೊಂಡು ರಾತ್ರಿ ಓಡಾಡಿದವರಿಗೆ ಇದರ ಬೆಲೆ ಗೊತ್ತು. ಸ್ಯಾಕರೋಮೈಸಿಸ್ ಬೌಲಾರ್ಡಿ ಅಂತ ಇನ್ನೊಂದಿದೆ, ಅದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಅದನ್ನು ಮುಟ್ಟುವುದೇ ಇಲ್ಲ. ಆದರೆ ಐಸಿಯುನಲ್ಲಿ ಇರುವವರಿಗೆ, ರೋಗ ತಡೆಯುವ ಶಕ್ತಿ ತೀರಾ ಕಡಿಮೆ ಇರುವವರಿಗೆ ಅದೇ ರಕ್ತಕ್ಕೆ ಸೇರಿ ಅಪಾಯ ತರಬಹುದು. ಹಾಗಾಗಿ ಆರಿಸುವ ಕೆಲಸ ಡಾಕ್ಟರದ್ದೇ.

ಇನ್ನೊಂದು ಕಡೆಯನ್ನೂ ನೋಡಿ. ಇಸ್ರೇಲ್‌ನ ವೈಜ್ಮನ್ ಸಂಸ್ಥೆಯವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ್ಯಂಟಿಬಯೋಟಿಕ್ ಆದ ಮೇಲೆ ಪ್ರೊಬಯೋಟಿಕ್ ತಗೊಂಡವರ ಕರುಳಿನಲ್ಲಿ, ಮೊದಲಿದ್ದ ಸ್ವಂತ ಬ್ಯಾಕ್ಟೀರಿಯಾ ವಾಪಸ್ ಬರುವುದು ತಡವಾಯಿತು. ಏನೂ ತಗೊಳ್ಳದೆ ಸುಮ್ನಿದ್ದವರದ್ದೇ ಬೇಗ ಸರಿಹೋಯಿತು. ಚಿಕ್ಕ ಅಧ್ಯಯನ, ನಿಜ. ಅದೇ ತಂಡದವರು 2021ರಲ್ಲಿ, ಹಾಗೆ ತಗೊಂಡವರ ಕರುಳಿನಲ್ಲಿ ಔಷಧಿಗೆ ಜಗ್ಗದ ಜೀನ್‌ಗಳು ಜಾಸ್ತಿಯಾದದ್ದನ್ನೂ ಕಂಡರು. ಬಾಟ್ಲಿಯ ಬ್ಯಾಕ್ಟೀರಿಯಾ ತಂದುಕೊಟ್ಟದ್ದಲ್ಲ. ಜಾಗ ಖಾಲಿ ಇದ್ದಾಗ ಮೊದಲೇ ಅಲ್ಲಿದ್ದವು ಹಬ್ಬಿಕೊಂಡವು.

ನನಗೆ ಇದಕ್ಕಿಂತ ಜಾಸ್ತಿ ಸಂಕಟ ಆಗುವುದು ಮೆಡಿಕಲ್ ಶಾಪ್ ಮುಂದೆ. "ಜ್ವರದ್ದು ಎರಡು ಸ್ಟ್ರಾಂಗ್ ಗುಳಿಗಿ ಕೊಡ್ರಿ, ಹೊಟ್ಟಿ ಕೆಡದಂಗ ಒಂದು ಬಾಟ್ಲಿನೂ ಕೊಡ್ರಿ." ಚೀಟಿ ಇಲ್ಲ, ಡಾಕ್ಟ್ರಿಲ್ಲ. ಗುಳಿಗೆ ಪಟ್ಟಿಯ ಹಿಂದೆ ಕೆಂಪು ಗೆರೆ ಇರುತ್ತದೆ, ಚೀಟಿ ಇಲ್ಲದೆ ತಗೋಬೇಡಿ ಅಂತ. ಯಾರೂ ತಿರುಗಿಸಿ ನೋಡುವುದಿಲ್ಲ. ಆ ಬಾಟ್ಲಿ ಜೊತೆಗಿದೆ ಅನ್ನುವ ಧೈರ್ಯಕ್ಕೆ, ಬೇಡದ ಆ್ಯಂಟಿಬಯೋಟಿಕ್ ಕೂಡ ನುಂಗುತ್ತೇವೆ. ನೆಗಡಿ, ಹೆಚ್ಚಿನ ಗಂಟಲು ನೋವು ವೈರಸ್‌ನಿಂದ ಬರುತ್ತವೆ. ಅವಕ್ಕೆ ಆ್ಯಂಟಿಬಯೋಟಿಕ್ ಕೆಲಸವೇ ಮಾಡುವುದಿಲ್ಲ. ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾದಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಅಂದಾಜು. ಬಾಟ್ಲಿಯಿಂದ ಆದದ್ದಲ್ಲ ಅದು. ಬಹುಪಾಲು ನಾವು ಹೀಗೆ ನುಂಗಿದ್ದರಿಂದ, ದನ ಕೋಳಿಗೆ ಬೇಕಾಬಿಟ್ಟಿ ಕೊಟ್ಟದ್ದರಿಂದ ಬಂದದ್ದು.

ಮುಂದಿನ ಸಲ ಡಾಕ್ಟ್ರು ಚೀಟಿ ಬರೆಯುವಾಗ ಎರಡು ಮಾತು ಕೇಳಿ. "ಡಾಕ್ಟ್ರೇ, ಈ ಆ್ಯಂಟಿಬಯೋಟಿಕ್ ಬೇಕೇ ಬೇಕ್ರೀ?" ಬೇಕು ಅಂದರೆ, "ಇದರ ಜೊತೆ ಪ್ರೊಬಯೋಟಿಕ್ ಯಾವುದು, ಎಷ್ಟು ದಿನ?" ತಂಗಿ ಹೋದ ತಿಂಗಳು ಕೇಳಿದಳು. ಹುಡುಗನಿಗೆ ಮತ್ತೆ ಗಂಟಲು ಕೆಟ್ಟಿತ್ತು. ಡಾಕ್ಟ್ರು ಇನ್ನೊಮ್ಮೆ ಟಾರ್ಚ್ ಹಿಡಿದು ಬಾಯೊಳಗೆ ನೋಡಿದರು. ಚೀಟಿಯ ಮೇಲೆ ಬರೆದದ್ದನ್ನು ಹೊಡೆದುಹಾಕಿ, ಎರಡು ದಿನ ಕಾದು ನೋಡೋಣ ಅಂದರು. ಮೂರನೇ ದಿನಕ್ಕೆ ಹುಡುಗ ಅವ್ವನ ಪಕ್ಕ ಕೂತು ರೊಟ್ಟಿ ಮೊಸರು ತಿನ್ನುತ್ತಿದ್ದ.